ಊರ ಹತ್ತಿರದ ಕಾಲೇಜು: ಖರ್ಚಿಗೆ ತಕ್ಕ ಫಲವುಂಟೆ?

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶ ಬಂದೊಡನೆ ಸಣ್ಣ ಬೆಳೆಗಾರರ ಮನೆಗಳಲ್ಲಿ ಪ್ರತಿ ವರ್ಷವೂ ಒಂದೇ ಚರ್ಚೆ. ಮಕ್ಕಳನ್ನು ದೂರದ ನಗರದ ದೊಡ್ಡ ಕಾಲೇಜಿಗೆ ಕಳಿಸುವುದೋ, ತಾಲ್ಲೂಕು ಕೇಂದ್ರದ ಪಾಲಿಟೆಕ್ನಿಕ್ ಅಥವಾ ಐ.ಟಿ.ಐ.ಗೆ ಸೇರಿಸುವುದೋ? ಹತ್ತಿರದ ಕಾಲೇಜೆಂದರೆ ‘ಬೇರೆಲ್ಲೂ ಸೀಟು ಸಿಗದವರ ಜಾಗ’ ಎಂಬ ತಾತ್ಸಾರ ನಮ್ಮಲ್ಲಿ ಬೇರೂರಿದೆ. ಈ ತಾತ್ಸಾರಕ್ಕೆ ಆಧಾರವಿದೆಯೇ ಎಂಬುದನ್ನು ಸದಸ್ಯ ಬಾಂಧವರ ಮುಂದಿಡಲು ಬಯಸುತ್ತೇವೆ.

ಅಮೆರಿಕದಲ್ಲಿ ಊರ ಹತ್ತಿರವೇ ಎರಡು ವರ್ಷ ಕಲಿಸಿ, ಕೆಲಸಕ್ಕೋ ಮುಂದಿನ ಪದವಿಗೋ ಕಳಿಸುವ ಕಾಲೇಜುಗಳು 1901ರಲ್ಲೇ ಆರಂಭವಾದವು. ಅವುಗಳಿಗೆ ಸಮುದಾಯ ಕಾಲೇಜು ಎಂದು ಹೆಸರು. ನಮ್ಮ ದೇಶದಲ್ಲಿಯೂ 1978-79ರಲ್ಲಿ ಸಮುದಾಯ ಪಾಲಿಟೆಕ್ನಿಕ್ ಯೋಜನೆ ಬಂತು. 2013ರ ಸುಮಾರಿಗೆ ಯು.ಜಿ.ಸಿ. ಸಮುದಾಯ ಕಾಲೇಜುಗಳ ಯೋಜನೆ ತಂದಿತು. ಹೆಸರು ಏನೇ ಇರಲಿ, ನಮ್ಮ ರೈತರ ಮಕ್ಕಳಿಗೆ ಆ ಸ್ಥಾನದಲ್ಲಿ ಇರುವುದು ಸರಕಾರಿ ಪಾಲಿಟೆಕ್ನಿಕ್, ಐ.ಟಿ.ಐ. ಮತ್ತು ಪ್ರಥಮ ದರ್ಜೆ ಕಾಲೇಜುಗಳೇ.

ಈ ವಿಚಾರದಲ್ಲಿ ನಮಗೆ ಬೀದರ ಜಿಲ್ಲೆ ಒಳ್ಳೆಯ ಉದಾಹರಣೆ. ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ತೊಗರಿ, ಸೋಯಾ ಬೆಳೆಯುವ ಸೀಮೆಯ ಮಾತೇಕೆಂದು ಕೇಳಬಹುದು. ಬೆಳೆ ಬೇರೆಯಾದರೂ ಸಣ್ಣ ಹಿಡುವಳಿ, ಏರಿಳಿಯುವ ಧಾರಣೆ, ಓದಿಸುವ ಹಂಬಲ ಎರಡೂ ಕಡೆ ಒಂದೇ. ಮೇಲಾಗಿ, ಅಲ್ಲಿ ಶಿಕ್ಷಣದ ಎಲ್ಲ ಮೆಟ್ಟಿಲುಗಳೂ ಒಂದೇ ಸೀಮೆಯಲ್ಲಿ ಕಾಣಸಿಗುತ್ತವೆ. ಬೀದರ ನಗರದಲ್ಲಿ 1980ರಿಂದ ಇಂಜಿನಿಯರಿಂಗ್ ಕಾಲೇಜಿದೆ. 2004ರಲ್ಲಿ ಸ್ಥಾಪಿತವಾದ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಸುಮಾರು 40 ಕಿ.ಮೀ. ದೂರದ ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಅಷ್ಟೇ ದೂರದ ಗಡಿ ತಾಲ್ಲೂಕು ಔರಾದದಲ್ಲಿ ಸರಕಾರಿ ಪಾಲಿಟೆಕ್ನಿಕ್ ಇದೆ.

ಔರಾದ ಕಡೆಯ ಒಂದು ಕುಟುಂಬದ ಲೆಕ್ಕವನ್ನು ಉದಾಹರಣೆಗಾಗಿ ಹಾಕಿ ನೋಡೋಣ. ಮಗ ಹೈದರಾಬಾದಿಗೋ ಬೆಂಗಳೂರಿಗೋ ಪದವಿಗೆ ಹೋದನೆನ್ನಿ. ಶುಲ್ಕವೇ ಇಲ್ಲವೆಂದುಕೊಂಡರೂ, ಊಟ ವಸತಿಗೆ ತಿಂಗಳಿಗೆ 5,000 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಹಿಡಿದರೆ ಮೂರು ವರ್ಷಕ್ಕೆ 1,50,000 ಆಯಿತು. ಅವನು ಹೊಲದಲ್ಲಿ ವರ್ಷಕ್ಕೆ 200 ದಿನ ದುಡಿಯಬಹುದಾಗಿತ್ತು. ದಿನಕ್ಕೆ 500 ರೂಪಾಯಿಯಂತೆ ಅದು ಮೂರು ವರ್ಷಕ್ಕೆ 3,00,000. ಅಂದರೆ ‘ಶುಲ್ಕವಿಲ್ಲದ’ ಪದವಿಗೆ ತಗಲುವುದು ನಾಲ್ಕೂವರೆ ಲಕ್ಷ! ಅದೇ ಹುಡುಗ ಮನೆಯಿಂದಲೇ ಹೋಗಿಬಂದು ಒಂದು ವರ್ಷದ ಐ.ಟಿ.ಐ. ಮುಗಿಸಿದರೆ ಖರ್ಚು ಲಕ್ಷದ ಆಸುಪಾಸಿನಲ್ಲೇ ನಿಲ್ಲುತ್ತದೆ; ರಜೆಯಲ್ಲಿ ಅವನ ಕೈ ಹೊಲಕ್ಕೂ ದೊರೆಯುತ್ತದೆ. ನಾವು ಶುಲ್ಕದ ರಸೀತಿಯನ್ನು ಮಾತ್ರ ಖರ್ಚೆಂದು ತಿಳಿಯುತ್ತೇವೆ. ದೊಡ್ಡ ಖರ್ಚು ವಸತಿಯದು ಮತ್ತು ವರ್ಷಗಳದು.

ಹೆಣ್ಣುಮಕ್ಕಳ ಮಟ್ಟಿಗೆ ಈ ಲೆಕ್ಕ ಇನ್ನೂ ಸ್ಪಷ್ಟ. ಹಾಸ್ಟೆಲಿಗೆ ಕಳಿಸಲು ಹಿಂಜರಿಯುವ ಮನೆಗಳಲ್ಲಿ ದೂರದ ಕಾಲೇಜು ಎಂದರೆ ಓದು ನಿಂತಿತೆಂದೇ ಅರ್ಥ. 2023ರ ಜೂನ್ 11ರಿಂದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಮೇಲೆ, 40 ಕಿ.ಮೀ. ದೂರದ ಕಾಲೇಜೂ ಅವರ ಪಾಲಿಗೆ ಹತ್ತಿರದ ಕಾಲೇಜಾಗಿದೆ. ಬೆಳಿಗ್ಗೆ ಹೊರಟು ಸಂಜೆ ಮರಳುವಂತೆ ಬಸ್ಸಿನ ವೇಳೆ ಹೊಂದಿದರೆ ಸಾಕು, ಬಡತನದ ನೆಪವೊಂದು ಕಳಚಿಬೀಳುತ್ತದೆ.

ಇನ್ನು ಫಲದ ಮಾತು. ಪದವಿ ಪಡೆದವರೆಲ್ಲರಿಗೂ ಕೆಲಸ ಕಾದಿಲ್ಲವೆಂಬುದನ್ನು ಸರಕಾರವೇ ಒಪ್ಪಿಕೊಂಡಿದೆ. 2022-23ರಲ್ಲಿ ತೇರ್ಗಡೆಯಾಗಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ನೀಡುವ ಯುವನಿಧಿ 2024ರ ಜನವರಿಯಲ್ಲಿ ಆರಂಭವಾದುದು ಈ ಕಾರಣಕ್ಕೇ. ಹಾಗೆಂದು ಡಿಪ್ಲೊಮಾದವರಿಗೆ ನಿರುದ್ಯೋಗವಿಲ್ಲವೆಂದಲ್ಲ. ಅವರಿಗೂ ಭತ್ಯೆ ಇಟ್ಟಿರುವುದೇ ಅದಕ್ಕೆ ಸಾಕ್ಷಿ.

ಇಲ್ಲಿ ಬೀದರಕ್ಕೂ ನಮಗೂ ಇರುವ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಸಂವಿಧಾನದ 371ಜೆ ವಿಧಿಯನ್ವಯ 2013ರಿಂದ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಆ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟು, ಅಲ್ಲಿನ ಸರಕಾರಿ ಹುದ್ದೆಗಳ ಪೈಕಿ ‘ಸಿ’ ವೃಂದದಲ್ಲಿ ಶೇ. 80, ‘ಡಿ’ ವೃಂದದಲ್ಲಿ ಶೇ. 85 ಮೀಸಲಾಗಿದೆ. ಆದ್ದರಿಂದ ಔರಾದದ ಹುಡುಗಿಯೊಬ್ಬಳ ಬಿ.ಎ. ಪದವಿಗೆ ಒಂದು ಬಾಗಿಲು ತೆರೆದಿದೆ; ಕೊಪ್ಪದ ಹುಡುಗಿಯ ಅದೇ ಪದವಿಗೆ ಆ ಬಾಗಿಲು ಇಲ್ಲ. ಪದವಿಯ ಬೆಲೆ ಕಾಗದದ ಮೇಲಿಲ್ಲ, ಅದು ತೆರೆಯುವ ಬಾಗಿಲಿನಲ್ಲಿದೆ. ನೆರೆಮನೆಯವರ ಮಗ ಓದಿದನೆಂದು ಅದನ್ನೇ ಓದಿಸುವುದು ಲೆಕ್ಕವಲ್ಲ, ಅನುಕರಣೆ.

ಹತ್ತಿರದ ಸಣ್ಣ ಓದು ಅಲ್ಲಿಗೇ ಮುಗಿಯುತ್ತದೆಂಬ ಅಳುಕೂ ಬೇಡ. ಐ.ಟಿ.ಐ. ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾ ಮುಗಿಸಿದವರಿಗೆ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಔರಾದದಲ್ಲಿ ಡಿಪ್ಲೊಮಾ ಮಾಡಿ ಭಾಲ್ಕಿಯಲ್ಲೋ ಬೀದರದಲ್ಲೋ ಇಂಜಿನಿಯರಾಗಬಹುದು. ಧಾರಣೆ ಕುಸಿದ ವರ್ಷ ಒಂದು ಮೆಟ್ಟಿಲಲ್ಲಿ ನಿಂತು ದುಡಿದು, ಮತ್ತೆ ಏರಬಹುದು. 1994ರಲ್ಲಿ ಬ್ರೆಜಿಲಿನ ಹಿಮದಿಂದ ಏರಿದ ಕಾಫಿ ಬೆಲೆ 2001ರ ಹೊತ್ತಿಗೆ ಹೇಗೆ ನೆಲಕಚ್ಚಿತೆಂಬುದನ್ನು ಕಂಡ ನಮಗೆ ಈ ಅನುಕೂಲದ ಬೆಲೆ ತಿಳಿಯಬೇಕು. 2024-25ರ ದಾಖಲೆಯ ಧಾರಣೆಯನ್ನೇ ನಂಬಿ ತೋಟ ಅಡವಿಟ್ಟು ದುಬಾರಿ ಸೀಟು ಹಿಡಿಯುವುದು ವಿವೇಕವಲ್ಲ.

ಆದರೆ ಹತ್ತಿರವಿರುವುದೆಲ್ಲ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಉಪನ್ಯಾಸಕರಿಲ್ಲದ, ಯಂತ್ರಗಳಿಗೆ ಧೂಳು ಹಿಡಿದ ಕಾಲೇಜು ಮನೆಬಾಗಿಲಲ್ಲಿದ್ದರೂ ದುಬಾರಿಯೇ. ಸೇರಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಿರಿ: ಪಾಠ ಹೇಳುವವರು ಎಷ್ಟು ಮಂದಿ ಇದ್ದಾರೆ? ಕಾರ್ಯಾಗಾರದಲ್ಲಿ ಮಕ್ಕಳ ಕೈಗೆ ಯಂತ್ರ ಕೊಡುತ್ತಾರೆಯೇ? ಕಳೆದ ಮೂರು ವರ್ಷ ಓದಿದವರು ಈಗ ಎಲ್ಲಿದ್ದಾರೆ? ಮುಂದಿನ ಮೆಟ್ಟಿಲಿಗೆ ದಾರಿಯಿದೆಯೇ? ಉತ್ತರ ಸಮಾಧಾನಕರವಾಗಿದ್ದರೆ ನಿಶ್ಚಿಂತೆಯಿಂದ ಸೇರಿಸಿರಿ.

ಇದರಲ್ಲಿ ಸಂಘದ ಹೊಣೆಯೂ ಇದೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಫಲಕದಲ್ಲಿ ಏನಿದೆ ಎಂಬುದಕ್ಕಿಂತ ಒಳಗೆ ಏನು ಕಲಿಸುತ್ತಾರೆ ಎಂಬುದೇ ಮುಖ್ಯವೆಂದು ಆ ಸೀಮೆ ಬಹಳ ಹಿಂದೆಯೇ ತೋರಿಸಿದೆ. ನಮ್ಮ ತೋಟಗಳಲ್ಲಿ ಪಂಪ್‌ಸೆಟ್, ಪಲ್ಪರ್, ಕಳೆ ಕೊಚ್ಚುವ ಯಂತ್ರ, ದೋಟಿ, ಹನಿ ನೀರಾವರಿ ಕೆಟ್ಟರೆ ಕೊಯ್ಲಿನ ಕಾಲದಲ್ಲಿ ರಿಪೇರಿಗೆ ಜನ ಸಿಗುವುದಿಲ್ಲ. ಇತ್ತ ಕೆಲಸ ಬೇಕೆಂಬ ಯುವಕರು ನಗರಕ್ಕೆ ಬಸ್ಸು ಹತ್ತುತ್ತಾರೆ. ಈ ಎರಡು ಕೊರತೆಗಳನ್ನು ಜೋಡಿಸುವುದು ಸಹಕಾರ ಸಂಘದಿಂದ ಸಾಧ್ಯ. 1961ರ ಶಿಶಿಕ್ಷು ಕಾಯಿದೆಯಡಿ ನಮ್ಮ ಸಂಸ್ಕರಣಾ ಘಟಕಗಳಲ್ಲಿ ಕೆಲವರಿಗೆ ತರಬೇತಿ ಕೊಡುವ ಬಗ್ಗೆ ಯೋಚಿಸಬಹುದು. ಹತ್ತಿರದ ಪಾಲಿಟೆಕ್ನಿಕ್ಕಿನ ಕಾರ್ಯಾಗಾರಕ್ಕೆ ಹಳೆಯ ಯಂತ್ರಗಳನ್ನು ಕೊಡಬಹುದು.

ನಮ್ಮ ಅಭಿಮತವಿಷ್ಟೆ: ಹತ್ತಿರದ, ಚಿಕ್ಕ ಅವಧಿಯ, ಕೈಗೆ ಕಸುಬು ಕೊಡುವ, ಮುಂದೆ ದಾರಿಯುಳ್ಳ ಓದು ಖರ್ಚಿಗೆ ತಕ್ಕದ್ದು. ಆದರೆ ಆ ಕಾಲೇಜು ಚೆನ್ನಾಗಿ ನಡೆಯುವಂತೆ ನೋಡಿಕೊಳ್ಳುವ ಕೆಲಸ ಸರಕಾರದ್ದಷ್ಟೇ ಅಲ್ಲ, ನಮ್ಮದೂ ಹೌದು. ಮುಂಬರುವ ಮಹಾಸಭೆಯಲ್ಲಿ ಸದಸ್ಯರು ಈ ವಿಷಯವನ್ನು ಎತ್ತಿ, ಸಲಹೆಗಳನ್ನು ಲಿಖಿತವಾಗಿ ತರಬೇಕೆಂದು ಕೋರುತ್ತೇವೆ.