ಸ್ವಂತ ಸೂರು: ಈಗಲೋ, ಇನ್ನಷ್ಟು ಕೂಡಿಟ್ಟ ಮೇಲೋ?



ಗೃಹದಲ್ಲಿ ನೆಲೆ ನಿಂತವನು ಗೃಹಸ್ಥ. ಹಾಗೆಂದಮಾತ್ರಕ್ಕೆ ಬಾಡಿಗೆಯ ಮನೆಯಲ್ಲಿರುವವರ ಗೃಹಸ್ಥಧರ್ಮಕ್ಕೆ ಕುಂದುಂಟೆಂದು ಯಾರೂ ತಿಳಿಯಬೇಕಾಗಿಲ್ಲ. ಇಷ್ಟಲಿಂಗದ ಪೂಜೆ ತಪ್ಪದೆ ನಡೆಯುವ, ಹಸಿದು ಬಂದವರಿಗೆ ಒಂದು ತುತ್ತು ಸಲ್ಲುವ ಮನೆಯ ಪತ್ರ ಯಾರ ಹೆಸರಿನಲ್ಲಿದ್ದರೂ ಆ ಮನೆ ಭಕ್ತರ ಮನೆಯೇ ಸರಿ. ಆದರೂ ತಮ್ಮದೆಂಬ ಒಂದು ಸೂರಿನ ಬಯಕೆ ಸಹಜವಾದುದು, ಅದರಲ್ಲಿ ದೋಷವಿಲ್ಲ. ದೋಷವು ಬಯಕೆಯಲ್ಲಿ ಹುಟ್ಟುವುದಿಲ್ಲ, ಅಳತೆ ತಪ್ಪಿದಾಗ ಹುಟ್ಟುತ್ತದೆ. ಈ ತಿಂಗಳು ಆ ಅಳತೆಯನ್ನು ಕುರಿತು ಕೆಲವು ಮಾತುಗಳನ್ನು ಬರೆಯಬೇಕಾಗಿದೆ.

ಕಾರಣವಿಷ್ಟೆ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯ ದಂಪತಿಗಳೊಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದ್ದಾರೆ. ರೇಷ್ಮೆ ಸೀರೆಯ ನೇಯ್ಗೆಗೆ ಹೆಸರಾದ ಆ ಊರಿನಲ್ಲಿ ಅವರದೂ ಮಗ್ಗದ ಕಾಯಕ. ಹತ್ತು ವರ್ಷ ದುಡಿದು 4 ಲಕ್ಷ ರೂಪಾಯಿ ಕೂಡಿಟ್ಟಿದ್ದಾರೆ. 14 ಲಕ್ಷಕ್ಕೆ ಒಂದು ಮನೆ ಮಾರಾಟಕ್ಕೆ ಬಂದಿದೆ. ಉಳಿದ ಹಣಕ್ಕೆ ಬ್ಯಾಂಕಿನಲ್ಲಿ ಸಾಲ ದೊರೆಯುವಂತಿದೆ. ಪತಿಗೆ ಈಗಲೇ ಕೊಳ್ಳಬೇಕೆಂಬ ಮನಸ್ಸು. ಪತ್ನಿಗೆ ಇನ್ನೂ ಮೂರು ವರ್ಷ ಕೂಡಿಡೋಣವೆಂಬ ಎಣಿಕೆ. ಯಾರ ಮಾತು ಸರಿಯೆಂಬುದು ಅವರ ಪ್ರಶ್ನೆ. ಇದು ಅವರೊಬ್ಬರ ಪ್ರಶ್ನೆಯಲ್ಲವಾದುದರಿಂದ ಇಲ್ಲಿಯೇ ಉತ್ತರಿಸುತ್ತಿದ್ದೇವೆ.

ಮೊದಲು ಪತಿಯ ಪಕ್ಷವನ್ನು ನೋಡೋಣ. ನೇಕಾರನಿಗೆ ಮನೆಯೆಂದರೆ ಮಲಗುವ ಸ್ಥಳ ಮಾತ್ರವಲ್ಲ, ಕಾಯಕದ ಸ್ಥಳವೂ ಹೌದು. ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡಬೇಕು. ಜಕಾರ್ಡ್ ಕೂರಿಸಲು ಸೂರು ಎತ್ತರವಿರಬೇಕು. ನೂಲಿಗೆ ಮಳೆಯ ಹನಿ ತಾಗಬಾರದು. ಬಾಡಿಗೆಯ ಮನೆಯಲ್ಲಿ ನೆಲ ಅಗೆಯಲು ಮನೆಯೊಡೆಯರ ಒಪ್ಪಿಗೆ ಬೇಡಬೇಕು. ಮನೆ ಬಿಡಿರೆಂದ ದಿನ ಪಾತ್ರೆಪಗಡಗಳ ಜೊತೆಗೆ ಮಗ್ಗವನ್ನೂ ಕಿತ್ತು ಸಾಗಿಸಬೇಕು. ಅದು ಮತ್ತೆ ಹದಕ್ಕೆ ಬರುವವರೆಗೆ ಕೂಲಿ ಇಲ್ಲ. ಸಂಬಳದಾರನು ಮನೆ ಬದಲಿಸಿದರೆ ಅವನ ಉದ್ಯೋಗ ನಿಲ್ಲುವುದಿಲ್ಲ, ನೇಕಾರನದು ನಿಲ್ಲುತ್ತದೆ. ಆದುದರಿಂದ ಪತಿಯ ಆತುರವನ್ನು ಬರಿಯ ಆಡಂಬರವೆಂದು ತಳ್ಳಿಹಾಕುವಂತಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. 14 ಲಕ್ಷದ ಮನೆಗೆ 14 ಲಕ್ಷ ಸಾಲದು. ನಮ್ಮ ರಾಜ್ಯದಲ್ಲಿ ಇಂತಹ ಮನೆಯ ಕ್ರಯಪತ್ರಕ್ಕೆ ಮುದ್ರಾಂಕ ಶುಲ್ಕ ನೂರಕ್ಕೆ 5. ಅದರ ಮೇಲೆ ಸೆಸ್ ಮತ್ತು ಅಧಿಭಾರ. ನೋಂದಣಿ ಶುಲ್ಕವು 2025ರ ಆಗಸ್ಟ್ 31ರಿಂದ ನೂರಕ್ಕೆ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಒಂದು ಲಕ್ಷ ಮೀರುತ್ತದೆ. ಎಂದರೆ ಕೈಯಲ್ಲಿರುವ 4 ಲಕ್ಷದಲ್ಲಿ ಮನೆಯ ಬೆಲೆಗೆ ಸಲ್ಲುವುದು 3 ಲಕ್ಷ ಮಾತ್ರ. ಸಾಲ 11 ಲಕ್ಷ ಬೇಕು. ನೂರಕ್ಕೆ 9ರ ಬಡ್ಡಿ, 20 ವರ್ಷದ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 9,900 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 8,250 ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸಲ್ಲುವುದು 1,650ರಷ್ಟು. ಇಪ್ಪತ್ತು ವರ್ಷದಲ್ಲಿ ಕಟ್ಟುವ ಒಟ್ಟು ಹಣ ಇಪ್ಪತ್ತಮೂರು ಮುಕ್ಕಾಲು ಲಕ್ಷ.

ಪತ್ನಿಯ ಮಾತಿನಂತೆ ಮೂರು ವರ್ಷ ಕಾದರೆ ಏನಾಗುತ್ತದೆ? ಬಾಡಿಗೆ ಕಳೆದು ವರ್ಷದ ಸರಾಸರಿಯಲ್ಲಿ ತಿಂಗಳಿಗೆ 8,000 ಉಳಿಯುತ್ತದೆಂದು ಅವರು ತಿಳಿಸಿದ್ದಾರೆ. ಅದನ್ನು ಠೇವಣಿಯಲ್ಲಿಟ್ಟರೆ ಹಳೆಯ ಗಂಟೂ ಬಡ್ಡಿಯೂ ಸೇರಿ ಸುಮಾರು 8 ಲಕ್ಷವಾಗುತ್ತದೆ. ಮನೆಯ ಬೆಲೆ ವರ್ಷಕ್ಕೆ ನೂರಕ್ಕೆ 5ರಂತೆ ಏರಿದರೆ ಶುಲ್ಕವೂ ಸೇರಿ ಹದಿನೇಳೂವರೆ ಲಕ್ಷದ ಹತ್ತಿರ ಬೇಕು. ಸಾಲ ಒಂಬತ್ತೂವರೆ ಲಕ್ಷಕ್ಕೆ ಇಳಿಯುತ್ತದೆ. ಬೆಲೆ ನೂರಕ್ಕೆ 10ರಂತೆ ಏರಿದರೆ 20 ಲಕ್ಷ ಬೇಕು. ಸಾಲ 12 ಲಕ್ಷಕ್ಕೆ ಏರುತ್ತದೆ. ಮೊದಲನೆಯದರಲ್ಲಿ ಕಾದವರಿಗೆ ಲಾಭ, ಎರಡನೆಯದರಲ್ಲಿ ನಷ್ಟ. ನಾಳೆಯ ಬೆಲೆಯನ್ನು ಇಂದು ಹೇಳಬಲ್ಲವರು ಯಾರೂ ಇಲ್ಲ. ಆದುದರಿಂದ ಬೆಲೆಯ ಊಹೆಯ ಮೇಲೆ ನಿಂತು ಈ ಪ್ರಶ್ನೆಯನ್ನು ಬಿಡಿಸಲು ಬರುವುದಿಲ್ಲ.

ಹಾಗಾದರೆ ಯಾವುದರ ಮೇಲೆ ನಿಲ್ಲಬೇಕು? ತಮ್ಮ ಗಳಿಕೆಯ ಸ್ವಭಾವದ ಮೇಲೆ. ಮಗ್ಗದ ವರಮಾನ ಹನ್ನೆರಡು ತಿಂಗಳೂ ಒಂದೇ ಸಮನಲ್ಲ. ಮದುವೆಯ ದಿನಗಳಲ್ಲಿ ಕೈತುಂಬ ಕೆಲಸ. ಆಷಾಢದಂತಹ ದಿನಗಳಲ್ಲಿ ಬೇಡಿಕೆ ತಗ್ಗುತ್ತದೆ. ರೇಷ್ಮೆಯ ಬೆಲೆ ಏರಿದಾಗ ಕೆಲಸ ಕೊಡುವವರ ಕೈ ಹಿಂದೆ ಸರಿಯುತ್ತದೆ. ಇಂತಹ ತಿಂಗಳುಗಳಲ್ಲಿ ಊಟ, ಮಕ್ಕಳ ಓದು ಕಳೆದು ಬಾಡಿಗೆಯ 3,000 ಕೊಟ್ಟರೆ ಕೈಯಲ್ಲಿ ಎರಡೂವರೆ ಸಾವಿರ ಮಾತ್ರ ಉಳಿಯುತ್ತದೆಂದು ಆ ತಾಯಿಯವರೇ ಲೆಕ್ಕ ಬರೆದು ತೋರಿಸಿದ್ದಾರೆ. ಅಲ್ಲಿಗೆ ಬಡವಾದ ತಿಂಗಳಿನಲ್ಲಿ ಅವರು ಹೊರಬಲ್ಲ ಕಂತು ಐದೂವರೆ ಸಾವಿರ. ಬ್ಯಾಂಕು ಕೇಳುವುದು 9,900. ನಡುವಿನ 4,400 ಎಲ್ಲಿಂದ ಬರಬೇಕು? ಕೈಸಾಲದಿಂದ, ಇಲ್ಲವೆ ಕೊರಳಿನ ಒಡವೆಯ ಅಡವಿನಿಂದ. ಮನೆಸಾಲಕ್ಕೆ ನೂರಕ್ಕೆ 9ರ ಬಡ್ಡಿಯಾದರೆ, ಅದರ ಕಂತಿಗಾಗಿ ತಂದ ಕೈಸಾಲದ ಬಡ್ಡಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಸಂಸಾರಗಳು ಮುಳುಗುವುದು ಹೆಚ್ಚಾಗಿ ಈ ಎರಡನೆಯ ಸಾಲದಲ್ಲಿ.

2020ನೆಯ ವರ್ಷವನ್ನು ಯಾರೂ ಮರೆತಿರಲಾರರು. ಕೊರೋನಾದ ದಿಗ್ಬಂಧನದಲ್ಲಿ ಅಂಗಡಿ ಮುಚ್ಚಿತು, ಮದುವೆಗಳು ನಿಂತವು, ಮಗ್ಗಗಳು ಮೌನವಾದವು. ಆಗ ಮಾರ್ಚಿಯಿಂದ ಆಗಸ್ಟಿನವರೆಗೆ ಕಂತುಗಳನ್ನು ಮುಂದೂಡಲು ರಿಸರ್ವ್ ಬ್ಯಾಂಕು ಅವಕಾಶ ನೀಡಿತು. ಆದರೆ ಕಂತು ಮುಂದಕ್ಕೆ ಹೋಯಿತೇ ಹೊರತು ಬಡ್ಡಿ ನಿಲ್ಲಲಿಲ್ಲ. ಅನಂತರ 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ರಿಸರ್ವ್ ಬ್ಯಾಂಕಿನ ರೆಪೋ ದರ ನೂರಕ್ಕೆ 4ರಿಂದ ಆರೂವರೆಗೆ ಏರಿತು. ಚರದರದ ಸಾಲ ಪಡೆದವರ ಕಂತೋ ಅವಧಿಯೋ ಬೆಳೆಯಿತು. 2025ರಲ್ಲಿ ದರ ಮತ್ತೆ ಇಳಿಯತೊಡಗಿತೆಂಬುದು ನಿಜ. ಆದರೆ ಇಪ್ಪತ್ತು ವರ್ಷದ ಸಾಲವು ಇಂತಹ ಏರಿಳಿತಗಳನ್ನು ಹಲವು ಸಲ ಕಾಣುತ್ತದೆಂಬುದನ್ನು ಮರೆಯಬಾರದು.

ಇದೇ ತಾಲ್ಲೂಕಿನಲ್ಲಿ ಬೇರೊಂದು ಬಗೆಯ ಗೃಹಸ್ಥರೂ ಇದ್ದಾರೆ. ತಿರುಮಣಿಯ ಸುತ್ತಲಿನ 2,050 ಮೆಗಾವ್ಯಾಟಿನ ಸೌರ ವಿದ್ಯುತ್ ಉದ್ಯಾನಕ್ಕೆ ರೈತರು ತಮ್ಮ ಭೂಮಿಯನ್ನು ಮಾರದೆ 28 ವರ್ಷಗಳ ಗುತ್ತಿಗೆಗೆ ಕೊಟ್ಟಿದ್ದಾರೆ; ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ನಿಗದಿಯಾಯಿತು. ಅಂತಹ ನಿಶ್ಚಿತ ಆದಾಯವುಳ್ಳವರೂ ತಿಂಗಳ ಸಂಬಳದವರೂ ಇದೇ ಮನೆಯನ್ನು ಇಂದೇ ಕೊಂಡರೆ ತಪ್ಪಾಗಲಾರದು. ಮನೆ ಒಂದೇ, ಬೆಲೆ ಒಂದೇ. ಆದರೂ ಒಬ್ಬರಿಗೆ ಸಲ್ಲುವುದು ಇನ್ನೊಬ್ಬರಿಗೆ ಸಲ್ಲದು. ನೆರೆಯವರು ಕೊಂಡರೆಂಬುದು ನಾವು ಕೊಳ್ಳಲು ಕಾರಣವಾಗಬಾರದು.

ಹನ್ನೆರಡನೆಯ ಶತಮಾನದ ಕಲ್ಯಾಣದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಚೆಲ್ಲಿ ಬರುವಂತೆ ಪತಿಯನ್ನು ಕಳುಹಿಸಿದರು. ಈ ಪ್ರಸಂಗವನ್ನು ನಿರಾಶೆಯ ನಿದರ್ಶನವಾಗಿ ಮಾತ್ರ ಹೇಳುವುದು ರೂಢಿ. ಅದರಲ್ಲಿ ಲೆಕ್ಕದ ಪಾಠವೂ ಇದೆ. ಅಕ್ಕಿ ಅಂಗಳದಲ್ಲಿ ದೊರೆಯುತ್ತದೆ ಎಂಬುದು ಅದು ಬೇಕು ಎಂಬುದಕ್ಕೆ ಪ್ರಮಾಣವಲ್ಲ. ಮೂವತ್ತು ಲಕ್ಷದವರೆಗಿನ ಗೃಹಸಾಲವನ್ನು ಮನೆಯ ಬೆಲೆಯ ನೂರಕ್ಕೆ 90ರಷ್ಟರವರೆಗೆ ಕೊಡಲು ಬ್ಯಾಂಕುಗಳಿಗೆ ಅನುಮತಿಯಿದೆ. ಅದು ಬ್ಯಾಂಕಿನ ಅಳತೆ, ನಮ್ಮ ಮನೆಯ ಅಳತೆಯಲ್ಲ. ಮತ್ತೊಂದು ಮಾತು: ಆ ಮನೆಯಲ್ಲಿ ಅಳತೆ ಹಿಡಿದವರು ಪತ್ನಿ, ಅದನ್ನು ಮನ್ನಿಸಿದವರು ಪತಿ. ಸಾಲದ ಕಾಗದಕ್ಕೆ ಸಹಿ ಹಾಕುವ ಮುನ್ನ ಮನೆಯೊಡತಿಯ ಲೆಕ್ಕದ ಪುಸ್ತಕವನ್ನು ತೆರೆದು ನೋಡುವುದು ಶರಣಧರ್ಮಕ್ಕೆ ಒಪ್ಪುವ ನಡೆ.

ಹಾಗೆಂದು ಕೊನೆಯಿಲ್ಲದೆ ಕೂಡಿಡುತ್ತ ಹೋಗುವುದೂ ಸರಿಯಲ್ಲ. ಇನ್ನೂ ಒಂದು ಲಕ್ಷ ಆಗಲಿ, ಮತ್ತೂ ಒಂದು ಲಕ್ಷ ಆಗಲಿ ಎಂದು ತಲೆ ನರೆಯುವವರೆಗೆ ಕಾದವರುಂಟು. ವಯಸ್ಸು ಹೆಚ್ಚಿದಂತೆ ಸಾಲದ ಅವಧಿ ಕಿರಿದಾಗಿ ಕಂತು ಹಿರಿದಾಗುತ್ತದೆ. ಮಗ್ಗದ ಮುಂದೆ ಕುಳಿತ ಕಣ್ಣಿಗೂ ಬೆನ್ನಿಗೂ ಆಯಸ್ಸಿದೆ. ಗುರಿಯಿಲ್ಲದ ಉಳಿತಾಯ ಭಯದ ಇನ್ನೊಂದು ಹೆಸರು. ಕಾಯುವುದಾದರೆ ಗಡುವು ಗೊತ್ತುಮಾಡಿಕೊಂಡು ಕಾಯಬೇಕು.

ಆದುದರಿಂದ ಆ ದಂಪತಿಗಳಿಗೆ ನಮ್ಮ ಸಲಹೆ ಹೀಗಿದೆ. ಈಗ ಬಂದಿರುವ 14 ಲಕ್ಷದ ಮನೆಯನ್ನು ಬಿಡಿರಿ. ಮೂರು ವರ್ಷವೂ ಬೇಡ, ಎರಡು ವರ್ಷದ ಗಡುವು ಇಟ್ಟುಕೊಳ್ಳಿರಿ. ಅಷ್ಟರಲ್ಲಿ ನಿಮ್ಮ ಗಂಟು ಆರೂವರೆ ಲಕ್ಷವಾಗುತ್ತದೆ. ಅದರಲ್ಲಿ ಒಂದು ಲಕ್ಷವನ್ನು ಬಡವಾದ ತಿಂಗಳುಗಳಿಗೆಂದು ಬೇರೆಯಿಟ್ಟು, ಮನೆಗಾಗಿ ಅದನ್ನು ಮುಟ್ಟಬೇಡಿರಿ. 6 ಲಕ್ಷಕ್ಕೆ ಮೀರದ ಸಾಲ ಪಡೆಯಿರಿ. ಅದೇ ಬಡ್ಡಿಗೆ, ಅದೇ ಅವಧಿಗೆ ಕಂತು 5,400 ಆಗುತ್ತದೆ. ನಿಮ್ಮ ಅತ್ಯಂತ ಬಡವಾದ ತಿಂಗಳೂ ಅದನ್ನು ಹೊರಬಲ್ಲದು. ಶುಲ್ಕ ಕಳೆದು ಹತ್ತೂವರೆ ಲಕ್ಷದ ಒಳಗೆ ಏನು ದೊರೆಯುತ್ತದೋ ಅದು ನಿಮ್ಮ ಮನೆ. ಸಿದ್ಧವಾದ ಮನೆ ದೊರೆಯದಿದ್ದರೆ ನಿವೇಶನ ಕೊಂಡು ಮಗ್ಗದ ಕೋಣೆ, ಅಡುಗೆಮನೆಗಳನ್ನಷ್ಟೇ ಕಟ್ಟಿರಿ. ನಮ್ಮ ಹಿರಿಯರು ಮನೆಯನ್ನು ಅಂಕಣದ ಲೆಕ್ಕದಲ್ಲಿ ಕಟ್ಟುತ್ತಿದ್ದರು. ಕೈ ಕೂಡಿದಾಗ ಇನ್ನೊಂದು ಅಂಕಣ ಬೆಳೆಯುತ್ತಿತ್ತು. ಅದು ಇಂದಿಗೂ ನಾಚಿಕೆಯ ಮಾತಲ್ಲ.

ಅವಧಿ ಇಪ್ಪತ್ತು ವರ್ಷವೆಂದು ಅಂಜಬೇಕಾಗಿಲ್ಲ. ಬ್ಯಾಂಕುಗಳು ಚರದರದ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವವರಿಗೆ ದಂಡ ವಿಧಿಸಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲಿಯೇ ಆದೇಶಿಸಿದೆ. ಕಂತನ್ನು ಚಿಕ್ಕದಾಗಿ ಇಟ್ಟುಕೊಂಡು, ಮದುವೆಯ ಕಾಲದ ಗಳಿಕೆಯಿಂದ ವರ್ಷಕ್ಕೊಮ್ಮೆ 30,000 ರೂಪಾಯಿಯನ್ನು ಅಸಲಿಗೆ ಕಟ್ಟಿದರೆ ಈ ಸಾಲ ಹತ್ತು ವರ್ಷದ ಆಸುಪಾಸಿನಲ್ಲಿ ತೀರುತ್ತದೆ. ದೊಡ್ಡ ಕಂತಿಗೆ ಕಟ್ಟುಬಿದ್ದು ಒದ್ದಾಡುವುದಕ್ಕಿಂತ ಚಿಕ್ಕ ಕಂತಿಗೆ ಒಪ್ಪಿ ಹೆಚ್ಚು ಕಟ್ಟುವುದು ಏರಿಳಿತದ ಗಳಿಕೆಯವರಿಗೆ ಹಿತ.

ಈ ಎರಡು ವರ್ಷವನ್ನು ಕಾಗದಪತ್ರಗಳ ಪರಿಶೀಲನೆಗೂ ಬಳಸಿರಿ. ಗ್ರಾಮ ಪಂಚಾಯಿತಿಯ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇವೆಯೇ, ಉಪನೋಂದಣಿ ಕಚೇರಿಯ ಋಣಭಾರ ಪತ್ರದಲ್ಲಿ ಹಳೆಯ ಅಡಮಾನವೇನಾದರೂ ಉಳಿದಿದೆಯೇ, ಕೃಷಿಭೂಮಿಯಲ್ಲಿ ಕಟ್ಟಿದುದಾದರೆ ಭೂಪರಿವರ್ತನೆ ಆಗಿದೆಯೇ ಎಂದು ನೋಡಿರಿ. ಪಿತ್ರಾರ್ಜಿತ ಮನೆಯಾದರೆ ಆ ಮನೆಯ ಹೆಣ್ಣುಮಕ್ಕಳ ಸಹಿಯೂ ಬೇಕು. ವೀರಶೈವ ಲಿಂಗಾಯತರಿಗೂ ಅನ್ವಯಿಸುವ 1956ರ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಆದ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕಿದೆ. ಅಣ್ಣತಮ್ಮಂದಿರ ಸಹಿಯನ್ನಷ್ಟೇ ನಂಬಿ ಕೊಂಡು ಅನಂತರ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ಕಡಿಮೆಯಿಲ್ಲ. ಕ್ರಯದ ಕರಾರೇ ಕ್ರಯಪತ್ರವೆಂದು ಯಾರು ಹೇಳಿದರೂ ಒಪ್ಪಬೇಡಿರಿ. ಹೊಸ ಮನೆಯ ಪತ್ರ ಪತಿ ಪತ್ನಿಯರಿಬ್ಬರ ಹೆಸರಿನಲ್ಲಿರಲಿ. ಇಬ್ಬರ ದುಡಿಮೆಯ ಮನೆಗೆ ಇಬ್ಬರೂ ಒಡೆಯರು.

ಗೃಹಪ್ರವೇಶದ ವಿಚಾರವಾಗಿಯೂ ಒಂದು ಮಾತು. ಮನೆಗೆ ಸಾಲ ಮಾಡಿದವರು ಪ್ರವೇಶದ ಊಟಕ್ಕೆ ಮತ್ತೆ ಸಾಲ ಮಾಡುವುದನ್ನು ಕಾಣುತ್ತಿದ್ದೇವೆ. ಲಿಂಗಪೂಜೆ, ಜಂಗಮರ ಆಶೀರ್ವಾದ, ನೆರೆಹೊರೆಯ ನಾಲ್ಕು ಜನರಿಗೆ ಪ್ರಸಾದ ಇಷ್ಟಿದ್ದರೆ ಪ್ರವೇಶ ಪೂರ್ಣ. ಆಡಂಬರವನ್ನು ಗುರುವೂ ಬೇಡುವುದಿಲ್ಲ, ಲಿಂಗವೂ ಬೇಡುವುದಿಲ್ಲ.

ಕೊಳ್ಳುವ ಕಾಲ ಬಂದಿತೆಂಬುದನ್ನು ತಿಳಿಯಲು ಪ್ರತಿಯೊಂದು ಸಂಸಾರವೂ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಲಿ: ನಮ್ಮ ವರ್ಷದ ಅತ್ಯಂತ ಬಡವಾದ ತಿಂಗಳು ಈ ಕಂತನ್ನು ಹೊತ್ತೂ ದಾಸೋಹಕ್ಕೆ ಒಂದು ಹಿಡಿ ಉಳಿಸಬಲ್ಲುದೇ? ಬಲ್ಲುದಾದರೆ ಇಂದೇ ಕೊಳ್ಳಿರಿ, ಶುಭವಾಗಲಿ. ಇಲ್ಲವಾದರೆ ಮನೆಯನ್ನು ಕಿರಿದುಮಾಡಿರಿ, ಇಲ್ಲವೆ ಗಡುವಿಟ್ಟು ಕಾಯಿರಿ. ಕಾಯಕವನ್ನು ನಡೆಸಿಕೊಡುವ ಸೂರು ನಮ್ಮದಾಗಲಿ. ಕಾಯಕವನ್ನೆಲ್ಲ ನುಂಗುವ ಸೂರು ಎಷ್ಟು ಅಂದವಾಗಿದ್ದರೂ ನಮಗೆ ಬೇಡ.