ಒಂದು ಸೈನ್ ತಾನೇ, ಹಾಕಿ ಹೋಗು

"ಅಕ್ಕಾ, ಶುಕ್ರವಾರ ಒಂದ್ಸಲ ಊರಿಗೆ ಬಂದು ಹೋಗು. ಒಂದು ಸೈನ್ ಬೇಕಿತ್ತು" ಅಂತ ತಮ್ಮ ಫೋನ್ ಮಾಡಿದ. ಯಾವುದಕ್ಕೆ ಅಂತ ನಾನು ಕೇಳಲಿಲ್ಲ. ಅಪ್ಪ ಹೋಗಿ ವರ್ಷ ತುಂಬಿದೆ, ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ. ನಮ್ಮ ಕಡೆ ವರ್ಷದ ತಿಥಿ ಮುಗಿದ ಮೇಲೆ ಹೆಣ್ಣುಮಕ್ಕಳಿಗೆ ತವರಿನಿಂದ ಬರುವ ಮುಂದಿನ ಕರೆ ಇದೇ. ಹಕ್ಕು ಬಿಡುಗಡೆ ಪತ್ರ!

ನಮ್ಮದೇನು ದೊಡ್ಡ ಆಸ್ತಿಯಲ್ಲ. ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ಮೂರೂವರೆ ಎಕರೆ. ಒಂದಷ್ಟು ತೆಂಗು, ಉಳಿದದ್ದು ರಾಗಿ ಹೊಲ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ, ಆ ಜಮೀನಿನಿಂದ ನನ್ನ ಹೊಟ್ಟೆ ತುಂಬಬೇಕಿಲ್ಲ. ಸೈನ್ ಹಾಕಿಬಿಡೋಣ ಅಂತಲೇ ಹೋಗಿದ್ದೆ.

ಪತ್ರ ಬರೆಯುವವರು ಎಲ್ಲ ರೆಡಿ ಮಾಡಿಟ್ಟಿದ್ದರು. ಓದಿದೆ. ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಪ್ರೀತಿ ವಿಶ್ವಾಸದಿಂದ ನನ್ನ ಹಕ್ಕನ್ನು ಬಿಡುತ್ತಿದ್ದೇನೆ ಅಂತ ಇತ್ತು. ಪರವಾಗಿಲ್ಲ, ಪ್ರೀತಿ ಇರೋದು ನಿಜವೇ. ಪುಟ ತಿರುಗಿಸಿದರೆ ಅಲ್ಲಿ ಅಮ್ಮನ ಹೆಸರೂ ಇತ್ತು. ಅವಳೂ ತನ್ನ ಭಾಗವನ್ನು ಮಗನಿಗೆ ಬಿಟ್ಟುಕೊಡುತ್ತಿದ್ದಳು. ನಲವತ್ತೈದು ವರ್ಷ ಆ ಹೊಲದಲ್ಲಿ ಕಳೆ ಕಿತ್ತವಳು... ತನಗೂ ಒಂದು ಭಾಗ ಇದೆ ಅಂತ ಅವಳಿಗೆ ಗೊತ್ತಾಗಿದ್ದೇ ಅದನ್ನು ಬಿಡುವ ದಿನ.

ಅಲ್ಲಿ ನನಗೆ ಸೋದರತ್ತೆ ನೆನಪಾದರು. ಅವರೂ ಹಿಂದೆ ಹೀಗೇ ಹೆಬ್ಬೆಟ್ಟು ಒತ್ತಿದ್ದರು. ಮಾವ ತೀರಿಕೊಂಡ ಮೇಲೆ ನಮ್ಮ ಮನೆಗೇ ವಾಪಸ್ ಬಂದರು. ಅಪ್ಪ ಒಳ್ಳೆಯವರು, ತಂಗಿಗೆ ಒಂದು ದಿನವೂ ಒಂದು ಮಾತು ಅಂದವರಲ್ಲ. ಆದರೂ ಅತ್ತೆ ಊಟಕ್ಕೆ ಕೂರುತ್ತಿದ್ದುದು ಎಲ್ಲರದೂ ಆದ ಮೇಲೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ತಾನು ಹುಟ್ಟಿದ ಮನೆಯಲ್ಲಿ ಅವರು ಸಾಯೋವರೆಗೂ ನೆಂಟರ ಹಾಗೆ ಇದ್ದರು.

ಪೆನ್ನು ಕೆಳಗಿಟ್ಟು "ಸ್ವಲ್ಪ ಟೈಮ್ ಕೊಡೋ" ಅಂದೆ. ತಮ್ಮನ ಮುಖ ಸಣ್ಣಗಾಯಿತು. "ಹಂಗಾದ್ರೆ ನಿಂಗೂ ಭಾಗ ಬೇಕಾ ಅಕ್ಕಾ?" ಅಂದ. ಅಮ್ಮ ನನ್ನ ಕೈ ಹಿಡಿದುಕೊಂಡು ಮೆಲ್ಲಗೆ "ತವರು ಉಳಿಸ್ಕೋ ಮಗಾ" ಅಂದಳು.

ಯೋಚನೆ ಮಾಡಿ, ಕಾನೂನಿನಲ್ಲಿ ಏನೂ ಕೊರತೆಯಿಲ್ಲ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾನೂನು ಬಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಪಾಲಿನಲ್ಲಿ ಮಗಳಿಗೂ ಪಾಲು ಕೊಟ್ಟಿತು, ಆದರೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಕರ್ನಾಟಕ 1994ರಲ್ಲಿ ಅದನ್ನು ತಿದ್ದಿತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ತಿದ್ದುಪಡಿ ಬಂತು, ಮದುವೆಯ ಆ ಷರತ್ತೂ ಹೋಯಿತು. 2018ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ದಾನಮ್ಮ ಪ್ರಕರಣ ನಮ್ಮ ಕರ್ನಾಟಕದ್ದೇ. 2001ರಲ್ಲೇ ತೀರಿಕೊಂಡ ಅಪ್ಪನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಸಿಕ್ಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕಿಲ್ಲ ಅಂತ 2020ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಸ್ಪಷ್ಟವಾಗಿ ಹೇಳಿತು.

ಇಷ್ಟೆಲ್ಲ ಆದಮೇಲೂ ಏನಾಗಿದೆ? 2015-16ರ ಕೃಷಿ ಗಣತಿಯ ಪ್ರಕಾರ ದೇಶದ ನೂರು ಹಿಡುವಳಿಗಳಲ್ಲಿ ಹೆಂಗಸರ ಕೈಯಲ್ಲಿದ್ದದ್ದು ಸುಮಾರು 14. ಹೊಲದಲ್ಲಿ ಬಗ್ಗಿ ನಾಟಿ ಹಾಕೋರು, ಕಳೆ ಕೀಳೋರು ಯಾರು ಅಂತ ನಿಮಗೆ ನಾನು ಹೇಳಬೇಕಾ?

ಕಾನೂನು ಕೊಟ್ಟದ್ದನ್ನು ನಾವೇ ಒಂದು ಸೈನ್ ಹಾಕಿ ವಾಪಸ್ ಕೊಡುತ್ತಿದ್ದೇವೆ. ಇದನ್ನು ಎಲ್ಲರೂ ಅಕ್ಕತಂಗಿಯರ ದೊಡ್ಡ ಮನಸ್ಸು ಅಂತಾರೆ. ನನಗೆ ಹಾಗನ್ನಿಸಲ್ಲ. ಕೊಡಲ್ಲ ಅನ್ನೋಕೂ ಸಾಧ್ಯವಿದ್ದಾಗ ಕೊಟ್ಟರೆ ಅದು ದೊಡ್ಡ ಮನಸ್ಸು. ಕೊಡಲ್ಲ ಅಂದರೆ ತವರಿನ ಬಾಗಿಲೇ ಮುಚ್ಚುತ್ತೆ ಅನ್ನೋ ಕಡೆ ಕೊಟ್ಟಿದ್ದು ಪ್ರೀತಿಯೋ ಭಯವೋ? ತಮ್ಮ ಭಾಗ ತಗೊಂಡರೆ ಅವನನ್ನು ಯಾರೂ ದುರಾಸೆಯವನು ಅನ್ನಲ್ಲವಲ್ಲ!

"ಮದುವೆಗೆ ಖರ್ಚು ಮಾಡಿಲ್ವಾ, ಒಡವೆ ಹಾಕಿಲ್ವಾ" ಅಂತ ಚಿಕ್ಕಪ್ಪ ಕೇಳಿದರು. ಮಾಡಿದ್ದಾರೆ. ಆದರೆ ಆ ದುಡ್ಡು ಹೋಗಿದ್ದು ಛತ್ರಕ್ಕೆ, ಊಟಕ್ಕೆ, ಬೀಗರಿಗೆ. ಅದರಲ್ಲಿ ನನ್ನ ಹೆಸರಲ್ಲಿ ಉಳಿದದ್ದು ಏನೂ ಇಲ್ಲ. ತಮ್ಮನ ಮದುವೆಗೂ ಖರ್ಚಾಗಿದೆ, ಅದನ್ನು ಅವನ ಭಾಗದಲ್ಲಿ ಯಾರೂ ಕಳೆಯಲಿಲ್ಲ.

"ಅಪ್ಪನನ್ನ ನೋಡಿಕೊಂಡಿದ್ದು ನಾನು" ಅಂತ ತಮ್ಮ ಅಂದ. ಈ ಮಾತು ನನಗೆ ತಾಕಿತು, ಯಾಕಂದರೆ ಅರ್ಧ ನಿಜ. ಹೊಲ ನೋಡಿಕೊಂಡವನು ಅವನು. ಆದರೆ ಹಾಸಿಗೆ ಹಿಡಿದ ಅಪ್ಪನ ಬಟ್ಟೆ ಒಗೆದು, ಗಂಜಿ ಕುಡಿಸಿದ್ದು ಅವನ ಹೆಂಡತಿ. ಅವಳ ಹೆಸರಲ್ಲಿ ಈ ಮನೆಯಲ್ಲಿ ಒಂದು ಗುಂಟೆಯೂ ಇಲ್ಲ. ತವರಲ್ಲಿ ಇದ್ದದ್ದಕ್ಕೂ ಹೋದ ವರ್ಷವೇ ಸೈನ್ ಹಾಕಿ ಬಂದಿದ್ದಾಳೆ. ಇಲ್ಲಿ ಸೊಸೆ, ಅಲ್ಲಿ ಮದುವೆಯಾಗಿ ಹೋದವಳು. ಎರಡೂ ಕಡೆ ಸೊನ್ನೆ.

ಇದು ಬರೀ ಆಸ್ತಿ ಲೆಕ್ಕ ಅಲ್ಲ. ಪ್ರದೀಪ್ ಪಾಂಡ ಮತ್ತು ಬೀನಾ ಅಗರ್ವಾಲ್ ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ಮಾಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಜಮೀನೂ ಇಲ್ಲದ ಮನೆಯೂ ಇಲ್ಲದ ಹೆಂಗಸರಲ್ಲಿ ಗಂಡನಿಂದ ಹೊಡೆತ ತಿಂದವರು ನೂರಕ್ಕೆ 49. ಎರಡೂ ತಮ್ಮ ಹೆಸರಲ್ಲಿದ್ದವರಲ್ಲಿ ನೂರಕ್ಕೆ 7. ಎದ್ದು ಹೋಗೋಕೆ ಒಂದು ಜಾಗ ಇರುವವಳ ಮೇಲೆ ಕೈ ಎತ್ತೋಕೆ ಮುಂಚೆ ಗಂಡ ಯೋಚನೆ ಮಾಡುತ್ತಾನೆ, ಅಷ್ಟೇ. ತವರಿದೆ ಅನ್ನೋದು ಧೈರ್ಯವೇ, ಆದರೆ ಅಣ್ಣತಮ್ಮಂದಿರ ಮನಸ್ಸಿನ ಮೇಲೆ ನಿಂತ ಧೈರ್ಯ.

ನಾನು ತಮ್ಮನಿಗೆ ಹೇಳಿದ್ದಿಷ್ಟು. ಮೊದಲು ಖಾತೆ ಮೂರು ಜನರ ಹೆಸರಿಗೆ ಜಂಟಿಯಾಗಿ ಆಗಲಿ. ಜಮೀನು ತುಂಡು ಮಾಡೋದು ಬೇಡ. ಉಳುಮೆ ನೀನೇ ಮಾಡು, ಕಾಯಿ ನೀನೇ ಮಾರು, ನನಗೆ ಲೆಕ್ಕ ಬೇಡ. ಅಮ್ಮನ ಭಾಗ ಮಾತ್ರ ಅವಳು ಇರೋವರೆಗೂ ಅವಳ ಹೆಸರಲ್ಲೇ ಇರಬೇಕು. ನನ್ನದನ್ನು ಕೊಡಬೇಕು ಅನ್ನಿಸಿದರೆ ಮುಂದೆ ಕೊಡುತ್ತೇನೆ. ನನ್ನದು ಅಂತ ಯಾರೂ ಒಪ್ಪದೇ ಇರೋದನ್ನ ನಾನು ಹೇಗೆ ಕೊಡಲಿ?

ಅವನು ಆಯ್ತು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಬಸ್ ಸ್ಟ್ಯಾಂಡಿಗೆ ಬಿಡೋಕೆ ಬಂದವನು ದಾರಿಯುದ್ದಕ್ಕೂ ಮಾತಾಡಲಿಲ್ಲ. ಸಂಜೆ ಅವನ ಹೆಂಡತಿ ಫೋನ್ ಮಾಡಿ "ತಲುಪಿದ್ರಾ?" ಅಂತ ಕೇಳಿದಳು. ಸ್ವಲ್ಪ ಸುಮ್ಮನಿದ್ದು, "ಹಾಕಿರೋ ಸೈನ್ ವಾಪಸ್ ತಗೊಳ್ಳೋಕಾಗುತ್ತಾ ಅಕ್ಕಾ?" ಅಂದಳು. ರಿಜಿಸ್ಟರ್ ಆದಮೇಲೆ ಕಷ್ಟ ಕಣಮ್ಮ ಅಂದೆ.

ಗೌರಿ ಹಬ್ಬಕ್ಕೆ ಪ್ರತಿ ವರ್ಷ ತಮ್ಮ ಬಾಗಿನ ತಂದುಕೊಡುತ್ತಾನೆ. ಈ ಸಲ ಬರುತ್ತಾನೋ ಇಲ್ಲವೋ, ಗೊತ್ತಿಲ್ಲ. ಬರಲಿ ಅಂತ ತುಂಬಾ ಆಸೆಯಿದೆ. ಬಾಗಿನವೂ ಬೇಕು, ಭಾಗವೂ ಬೇಕು ಅನ್ನೋದು ಅಷ್ಟು ದೊಡ್ಡ ತಪ್ಪಾ? ನೀವೇ ಹೇಳಿ.