ಉಜ್ಜಿ ನೋಡಿದ ಮೂರನೆಯ ಡಾಕ್ಟರು

ಹೊರನಾಡಿನಲ್ಲಿರುವ ನಮ್ಮಲ್ಲಿ ಬಹುತೇಕರಿಗೆ ಇಬ್ಬರು ಡಾಕ್ಟರು. ಬಾಡಿಗೆ ಮನೆಯ ಪಕ್ಕದ ಕ್ಲಿನಿಕ್ಕಿನವರೊಬ್ಬರು, ಊರಿನಲ್ಲಿ ಅಪ್ಪನ ಕಾಲದಿಂದ ನೋಡಿಕೊಂಡು ಬಂದವರೊಬ್ಬರು. ನೆಗಡಿ, ಜ್ವರಕ್ಕೆ ಇದು ಸಾಕು. ಆದರೆ ಕೆಲವು ಕಾಯಿಲೆಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ ಮುಖ ತೋರಿಸುತ್ತವೆ. ಮಾಸ್ಟೊಸೈಟೋಸಿಸ್ ಅಂಥದ್ದು.

ನನಗೆ ಅದು ಇದೆಯೆಂದು ಗೊತ್ತಾದದ್ದು ಕಳೆದ ವರ್ಷ. ಹೊಟ್ಟೆ, ತೊಡೆಗಳ ಮೇಲೆ ಸಾಸಿವೆಯಿಂದ ಅವರೆಕಾಳಿನಷ್ಟರವರೆಗಿನ ಕಂದು ಚುಕ್ಕೆಗಳು ಆರು ವರ್ಷದಿಂದ ಇದ್ದವು. ಡೊಂಬಿವಲಿಯಿಂದ ಠಾಣೆಗೆ ಒಂದು ಲೋಕಲ್, ಅಲ್ಲಿಂದ ಐರೋಲಿಗೆ ಇನ್ನೊಂದು. ಆ ಸೆಕೆ, ನೂಕುನುಗ್ಗಲಿನಲ್ಲಿ ಬ್ಯಾಗು ಉಜ್ಜಿದ ಕಡೆಯೆಲ್ಲ ಚುಕ್ಕೆಗಳು ಉಬ್ಬಿ ತುರಿಸುತ್ತಿದ್ದವು. ಇಲ್ಲಿ ಅದಕ್ಕೆ ಒಮ್ಮೆ ಬೆವರುಸಾಲೆ ಎಂದರು, ಒಮ್ಮೆ ಗಜಕರ್ಣ ಎಂದರು. ಅತ್ತ ಶಿರಸಿ ಕಡೆಯ ನಮ್ಮ ತೋಟದಲ್ಲಿ ಜೇನು ಕಚ್ಚಿ ಎರಡು ಸಲ ಎಚ್ಚರ ತಪ್ಪಿದ್ದೆ. ಅಲ್ಲಿನವರು ಅಲರ್ಜಿ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಅವರು ಚುಕ್ಕೆ ನೋಡಿರಲಿಲ್ಲ, ಇಲ್ಲಿನವರು ಜೇನಿನ ಮಾತು ಕೇಳಿರಲಿಲ್ಲ. ಲಾಗ್ ಫೈಲ್‌ಗಳು ಎರಡು ಸರ್ವರ್‌ನಲ್ಲಿದ್ದರೆ ಬಗ್ ಸಿಗುವುದಾದರೂ ಹೇಗೆ!

ಎರಡನ್ನೂ ಕೇಳಿದ ಮೂರನೆಯ ಡಾಕ್ಟರು, ನಾಲಿಗೆ ಒತ್ತುವ ಮರದ ಪಟ್ಟಿಯಿಂದ ಒಂದು ಚುಕ್ಕೆಯನ್ನು ಐದಾರು ಸಲ ಉಜ್ಜಿದರು. ಕೆಲವೇ ನಿಮಿಷದಲ್ಲಿ ಅದು ಪಿತ್ತದ ಗಂದೆಯಂತೆ ಎದ್ದಿತು.

ಇದೇನೂ ಹೊಸ ವಿದ್ಯೆಯಲ್ಲ. ಇಂಥ ಚುಕ್ಕೆಗಳ ವರ್ಣನೆ ಇಂಗ್ಲೆಂಡಿನಲ್ಲಿ 1869ರಲ್ಲೇ ಬಂದಿತ್ತು. ಮಾಸ್ಟ್ ಕೋಶಕ್ಕೆ ಪಾಲ್ ಎರ್ಲಿಕ್ ಹೆಸರಿಟ್ಟದ್ದು 1878ರಲ್ಲಿ. ಉಜ್ಜಿ ನೋಡುವ ಈ ಗುರುತಿಗೆ ಫ್ರೆಂಚ್ ಚರ್ಮವೈದ್ಯ ಡಾರಿಯೇ ಅವರ ಹೆಸರಿದೆ. ಅಲರ್ಜಿಯಾದಾಗ ಹಿಸ್ಟಮೀನ್ ಹೊರಚೆಲ್ಲುವುದು ಈ ಮಾಸ್ಟ್ ಕೋಶಗಳೇ. ಕಾಯಿಲೆಯಲ್ಲಿ ಅವು ಮಿತಿಮೀರಿ ಸೇರಿಕೊಂಡಿರುತ್ತವೆ.

ನಮ್ಮ ಕಂದು ಮೈಬಣ್ಣದಲ್ಲಿ ಕೆಂಪಾಗುವುದು ಸರಿಯಾಗಿ ಕಾಣುವುದಿಲ್ಲ, ಉಬ್ಬಿದ್ದನ್ನು ಬೆರಳಲ್ಲಿ ಮುಟ್ಟಿ ತಿಳಿಯಬೇಕು. ಆದರೆ ಮುಟ್ಟುವವರು ಯಾರು? ಕಂಪನಿಯ ವಾರ್ಷಿಕ ಹೆಲ್ತ್ ಚೆಕಪ್‌ನಲ್ಲಿ ವಿಟಮಿನ್ ಡಿ ಅಳೆಯುತ್ತಾರೆ, ಅಂಗಿ ಬಿಚ್ಚಿಸುವವರಿಲ್ಲ. ಸ್ಟೇಶನ್ ರಸ್ತೆಯ ಮೆಡಿಕಲ್ ಶಾಪಿನಲ್ಲಿ ತುರಿಕೆ ಎಂದರೆ ಸಾಕು, ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಕೈಗೆ ಬರುತ್ತದೆ.

ಮಕ್ಕಳಲ್ಲಿ ಈ ಕಾಯಿಲೆ ಸಾಮಾನ್ಯವಾಗಿ ಚರ್ಮಕ್ಕಷ್ಟೇ ಸೀಮಿತ, ಬೆಳೆಯುತ್ತಾ ಮಾಯುವುದೂ ಹೆಚ್ಚು. ದೊಡ್ಡವರಾದ ಮೇಲೆ ಚುಕ್ಕೆ ಬಂದವರಲ್ಲಿ ಹೆಚ್ಚಿನವರಿಗೆ ಮೂಳೆಮಜ್ಜೆಯಲ್ಲೂ ಅದು ಇರುತ್ತದೆ. ನನ್ನ ವಾದವೆಲ್ಲ ಇಲ್ಲೇ ಇದೆ: ವಯಸ್ಕರಲ್ಲಿ ಚರ್ಮದ ಬಯಾಪ್ಸಿ ವರದಿ ಬಂದಾಗ ತನಿಖೆ ಶುರುವಾಗಬೇಕು, ಮುಗಿಯಬಾರದು. ರಕ್ತದಲ್ಲಿ ಟ್ರಿಪ್ಟೇಸ್ ಅಳೆಯಬೇಕು. ಮಿಲಿಲೀಟರಿಗೆ 20 ನ್ಯಾನೊಗ್ರಾಂ ಮೀರಿದರೆ ಅದೊಂದು ಬಲವಾದ ಸುಳಿವು, ಕಡಿಮೆ ಬಂದರೆ ಕಾಯಿಲೆ ಇಲ್ಲ ಎಂದೇನೂ ಅಲ್ಲ. ಕಿಟ್ ಎಂಬ ಜೀನಿನಲ್ಲಿ ಡಿ816ವಿ ಬದಲಾವಣೆ ಇದೆಯೇ ನೋಡಬೇಕು, ರಕ್ತರೋಗ ತಜ್ಞರು ಹೇಳಿದರೆ ಮಜ್ಜೆಯ ಪರೀಕ್ಷೆ ಮಾಡಿಸಬೇಕು. ಮೂಳೆ ಸವೆಯುವ ಸಾಧ್ಯತೆ ಇರುವುದರಿಂದ ಅದರ ಸ್ಕ್ಯಾನ್ ಕೂಡ.

ಅಪರೂಪದ ಕಾಯಿಲೆಗೆ ಇಷ್ಟೆಲ್ಲ ಹೆದರಿಸಬೇಕೇ ಎಂದು ಗೆಳೆಯರೊಬ್ಬರು ಕೇಳಿದರು. ಹೆದರಿಸುತ್ತಿಲ್ಲ. ದೊಡ್ಡವರಲ್ಲಿ ಬಹುಪಾಲು ಇದು ನಿಧಾನದ ಬಗೆಯದ್ದು, ಆಯುಷ್ಯಕ್ಕೆ ಹೆಚ್ಚೇನೂ ಕುತ್ತಿಲ್ಲ. ಅಪಾಯವಿರುವುದು ಗೊತ್ತಿಲ್ಲದೆ ಇರುವುದರಲ್ಲಿ. ಜೇನು, ಕಣಜ ಕಚ್ಚಿದರೆ ರಕ್ತದೊತ್ತಡ ಕುಸಿಯಬಹುದು. ಕೆಲವರಿಗೆ ನೋವಿನ ಮಾತ್ರೆಯೂ ಆಗುವುದಿಲ್ಲ. ಆಪರೇಶನ್‌ಗೆ ಮೊದಲು ಅರಿವಳಿಕೆ ವೈದ್ಯರಿಗೆ ತಿಳಿಸಲೇಬೇಕು.

ಊರಿಗೆ ಹೋದಾಗ ಮನೆಯವರಿಗೆ ಇನ್ನೊಂದು ಮಾತು ಹೇಳಿಡಿ. ಜೇನು ಕಚ್ಚಿ ಯಾರಾದರೂ ಎಚ್ಚರ ತಪ್ಪಿದರೆ ಮೊದಲು ಬೇಕಾದದ್ದು ಅಡ್ರಿನಾಲಿನ್ ಇಂಜೆಕ್ಷನ್. ಚೇತರಿಸಿಕೊಳ್ಳುತ್ತಿರುವಾಗಲೇ, ನಾಲ್ಕು ಗಂಟೆಯೊಳಗೆ, ಟ್ರಿಪ್ಟೇಸ್‌ಗೆ ರಕ್ತ ತೆಗೆಸಿ. ಒಂದು ದಿನ ಕಳೆದ ಮೇಲೆ ಹೋಲಿಸಿ ನೋಡಲು ಇನ್ನೊಮ್ಮೆ ತೆಗೆಸಬೇಕು. ಆ ಎರಡೂ ವರದಿಗಳನ್ನು ಮುಂಬಯಿಗೆ ಬರುವಾಗ ಚೀಲದಲ್ಲಿ ಹಾಕಿಕೊಳ್ಳಿ.